ಅಂಕಿತಕ್ಕೆ ಕಾದ ಕಾನೂನುಗಳು

2025ರ ಫೆಬ್ರವರಿ 7ರಂದು ಬೆಂಗಳೂರಿನ ರಾಜಭವನದಿಂದ ಒಂದು ಕಡತ ಸರ್ಕಾರಕ್ಕೆ ವಾಪಸ್ ಬಂತು. ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಹೆಸರಿನಲ್ಲಿ ನಡೆಯುತ್ತಿದ್ದ ದೌರ್ಜನ್ಯ ತಡೆಯಲು ಸರ್ಕಾರ ತರಹೊರಟಿದ್ದ ಸುಗ್ರೀವಾಜ್ಞೆಯ ಕಡತ ಅದು. ರಾಜ್ಯಪಾಲ ಥಾವರಚಂದ್ ಗೆಹಲೋತ್ ಅದಕ್ಕೆ ಸಹಿ ಹಾಕಿರಲಿಲ್ಲ, ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದರು. ಸರ್ಕಾರ ಸ್ಪಷ್ಟನೆ ಕೊಟ್ಟಿತು. ಫೆಬ್ರವರಿ 12ರಂದು ಅಂಕಿತ ಬಿತ್ತು. ನಡುವೆ ಐದು ದಿನ.

ಆ ಐದು ದಿನಗಳ ತೂಕ ತಿಳಿಯಬೇಕಾದರೆ ಅದಕ್ಕೂ ಹಿಂದಿನ ತಿಂಗಳ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ತಿರುವಿಹಾಕಬೇಕು. ಚಾಮರಾಜನಗರ, ಮೈಸೂರು, ರಾಮನಗರ, ಹಾವೇರಿ, ಬೆಳಗಾವಿ ಹೀಗೆ ಒಂದೊಂದೇ ಜಿಲ್ಲೆಯಿಂದ ಸುದ್ದಿ ಬರುತ್ತಿತ್ತು. ಮನೆಗೆ ಬೀಗ ಹಾಕಿ ರಾತ್ರೋರಾತ್ರಿ ಊರು ಬಿಟ್ಟ ಕುಟುಂಬಗಳು, ಸಾಲಕ್ಕೆ ಈ ಮನೆ ಅಡಮಾನವಾಗಿದೆ ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಕೊಂಡವರು, ಅವಮಾನ ತಾಳದೆ ಜೀವ ಕಳೆದುಕೊಂಡವರು. ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯವನ್ನು ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ಮಾಂಗಲ್ಯಸರವನ್ನೇ ಅಂಚೆಯಲ್ಲಿ ಕಳುಹಿಸಿದರು.

ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ‘ಸಂಘದ ಸಾಲ’ ಎನ್ನುತ್ತಾರೆ. ನಾಲ್ಕಾರು ಹೆಂಗಸರು ಸೇರಿ ಗುಂಪು ಮಾಡಬೇಕು, ಒಬ್ಬರಿಗೊಬ್ಬರು ಜಾಮೀನು ನಿಲ್ಲಬೇಕು, ವಾರ ವಾರ ಒಂದು ಮನೆಯ ಜಗಲಿಯಲ್ಲಿ ಕೂತು ಕಂತು ಕಟ್ಟಬೇಕು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಿಕೊಡಬೇಕು. ಹೀಗಾಗಿ ವಸೂಲಿಗೆ ಬಂದವನು ಜೋರು ಮಾಡುವ ಮೊದಲೇ ಪಕ್ಕದ ಮನೆಯವಳು ಜೋರು ಮಾಡುತ್ತಾಳೆ. ಒಂದು ಸಂಸ್ಥೆಯ ಕಂತಿಗೆ ಇನ್ನೊಂದು ಸಂಸ್ಥೆಯಲ್ಲಿ ಸಾಲ, ಅದರ ಕಂತಿಗೆ ಮೀಟರ್ ಬಡ್ಡಿಯವನ ಹತ್ತಿರ ಕೈಸಾಲ. ಪೊಲೀಸ್ ಠಾಣೆಗೆ ಹೋದರೆ, ‘ಸಾಲ ತಗೊಂಡಿದ್ದು ನೀವೇ ಅಲ್ವಾ?’ ಎಂಬ ಮಾತು. ಸುಗ್ರೀವಾಜ್ಞೆ ಕೈ ಹಾಕಿದ್ದು ಈ ಜಾಗಕ್ಕೆ. ದೂರು ದಾಖಲಿಸಿಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ ಎಂದು ಅದು ಹೇಳಿತು. ಸಾಲಗಾರರನ್ನು ಹಿಂಬಾಲಿಸುವುದು, ರೌಡಿಗಳನ್ನು ಬಿಟ್ಟು ಹೆದರಿಸುವುದು, ಸರ್ಕಾರದ ಸವಲತ್ತು ಪಡೆಯಲು ಬೇಕಾದ ದಾಖಲೆಗಳನ್ನು ಕಿತ್ತುಕೊಳ್ಳುವುದು ಬಲವಂತದ ಕ್ರಮಗಳೆನಿಸಿದವು. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆ ಎಂದಿತು. ಶಿಕ್ಷೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ರಾಜ್ಯಪಾಲರ ಆಕ್ಷೇಪಗಳನ್ನು ನಾನು ತಳ್ಳಿಹಾಕುವುದಿಲ್ಲ. ಸಾಲದ ಗರಿಷ್ಠ ಮೊತ್ತವೇ 3 ಲಕ್ಷವಾದರೆ 5 ಲಕ್ಷ ದಂಡ ಹೇಗೆ ನ್ಯಾಯ? ಪ್ರಾಮಾಣಿಕವಾಗಿ ಸಾಲ ಕೊಟ್ಟವನು ಅದನ್ನು ವಾಪಸ್ ಪಡೆಯುವ ದಾರಿ ಯಾವುದು? ಇರುವ ಕಾನೂನುಗಳು ಸಾಲದೆ? ಅಧಿವೇಶನ ಹತ್ತಿರದಲ್ಲೇ ಇರುವಾಗ ಸದನದಲ್ಲಿ ಚರ್ಚಿಸಬಾರದೆ? ಇವು ಕೇಳಬೇಕಾದ ಪ್ರಶ್ನೆಗಳೇ. ಕೇಳಿದ್ದು ಬರಹದಲ್ಲಿ. ಪತ್ರಿಕೆಗಳು ಅದನ್ನು ಪ್ರಕಟಿಸಿದವು, ಜನ ಓದಿದರು, ಸರ್ಕಾರ ಉತ್ತರ ಕೊಡಲೇಬೇಕಾಯಿತು. ಮಾರ್ಚ್ ಅಧಿವೇಶನದಲ್ಲಿ ಮಸೂದೆಯೂ ಬಂತು, ಕಾಯ್ದೆಯೂ ಆಯಿತು. ರಾಜಭವನ ಮತ್ತು ವಿಧಾನಸೌಧದ ಸಂಬಂಧ ಹೇಗಿರಬೇಕೆಂದು ನನ್ನನ್ನು ಕೇಳಿದರೆ ಈ ಐದು ದಿನಗಳನ್ನೇ ತೋರಿಸುತ್ತೇನೆ. ಪ್ರಶ್ನೆ ಕೇಳುವ ರಾಜ್ಯಪಾಲರಿಂದ ಪ್ರಜಾಪ್ರಭುತ್ವಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ಏನೂ ಹೇಳದೆ ಕಡತವನ್ನು ಇಟ್ಟುಕೊಳ್ಳುವುದರಲ್ಲಿ.

ಸದನ ಒಪ್ಪಿದ ಮೇಲೆ

ಶಾಸಕರು ಕೈ ಎತ್ತಿದೊಡನೆ ಕಾನೂನು ಆಗಿಬಿಟ್ಟಿತು ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಮರುದಿನದ ತಲೆಬರಹವೂ ಹಾಗೇ ಇರುತ್ತದೆ. ಆದರೆ ಸಂವಿಧಾನದ 168ನೇ ವಿಧಿಯ ಪ್ರಕಾರ ರಾಜ್ಯಪಾಲರೂ ವಿಧಾನಮಂಡಲದ ಒಂದು ಅಂಗ. ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಒಪ್ಪಿದ ಮೇಲೆ ಮಸೂದೆ ರಾಜಭವನಕ್ಕೆ ಹೋಗಬೇಕು. ವಿಧಾನಸೌಧದಿಂದ ಅಲ್ಲಿಗೆ ಕೂಗಳತೆಯ ದೂರ. ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ತನಗಾಗಿ 1840ರ ದಶಕದಲ್ಲಿ ಕಟ್ಟಿಸಿಕೊಂಡ ಬಂಗಲೆಯೇ ಮುಂದೆ ರಾಜಭವನವಾಯಿತು.

ಅಲ್ಲಿ ಏನಾಗಬೇಕು ಎಂಬುದನ್ನು 200ನೇ ವಿಧಿ ಹೇಳುತ್ತದೆ. ರಾಜ್ಯಪಾಲರು ಅಂಕಿತ ಹಾಕಬಹುದು, ಅಂಕಿತ ತಡೆಹಿಡಿಯಬಹುದು, ರಾಷ್ಟ್ರಪತಿಯ ಪರಿಶೀಲನೆಗೆ ಕಾಯ್ದಿರಿಸಬಹುದು. ಹಣಕಾಸು ಮಸೂದೆ ಅಲ್ಲದಿದ್ದರೆ, ಮರುಪರಿಶೀಲಿಸಿ ಎಂದು ‘ಸಾಧ್ಯವಾದಷ್ಟು ಬೇಗ’ ಸದನಕ್ಕೆ ಮರಳಿಸಬಹುದು. ಸದನ ಅದನ್ನು ಮತ್ತೆ ಒಪ್ಪಿ ಕಳುಹಿಸಿದರೆ ರಾಜ್ಯಪಾಲರು ಅಂಕಿತ ತಡೆಹಿಡಿಯುವಂತಿಲ್ಲ. ‘ಸಾಧ್ಯವಾದಷ್ಟು ಬೇಗ’ ಎಂದರೆ ಎಷ್ಟು ದಿನ ಎಂಬುದನ್ನು ಮಾತ್ರ ಸಂವಿಧಾನ ಬರೆದಿಲ್ಲ.

ಸಂವಿಧಾನ ರಚನಾ ಸಭೆಯ ಮುಂದಿದ್ದ ಮೊದಲ ಕರಡಿನಲ್ಲಿ ರಾಜ್ಯಪಾಲರು ‘ತಮ್ಮ ವಿವೇಚನೆಯಂತೆ’ ಮಸೂದೆ ಮರಳಿಸಬಹುದು ಎಂದಿತ್ತು. 1949ರಲ್ಲಿ ಅಂಬೇಡ್ಕರ್ ಅವರು ತಂದ ತಿದ್ದುಪಡಿಯಿಂದ ಆ ಮಾತು ಬಿದ್ದುಹೋಯಿತು. ಜನರಿಂದ ಆರಿಸಿ ಬಂದ ಮಂತ್ರಿಮಂಡಲ ಇರುವಾಗ ನೇಮಕಗೊಂಡು ಬಂದವರಿಗೆ ಸ್ವಂತ ವಿವೇಚನೆಯ ಅಧಿಕಾರ ಸಲ್ಲದು ಎಂಬುದು ಅಂದಿನವರ ಆಲೋಚನೆಯ ಹಾದಿ. 1974ರ ಶಂಷೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವೂ, ಕೆಲವೇ ಸಂದರ್ಭಗಳನ್ನು ಬಿಟ್ಟರೆ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು ಎಂದಿತು.

ಕಾಯುವಿಕೆಯಲ್ಲಿ ಕಳೆದದ್ದು

ರಾಷ್ಟ್ರಪತಿಗೆ ಕಾಯ್ದಿರಿಸುವ ದಾರಿ ಎಷ್ಟು ದೂರದ್ದು ಎಂಬುದು ಕರಾವಳಿಯ ಕೋಣದ ಯಜಮಾನರಿಗೆ ಚೆನ್ನಾಗಿ ಗೊತ್ತು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿತು. ಅದರ ಬಿಸಿ ಕಂಬಳಕ್ಕೂ ತಟ್ಟಿ 2016ರ ನವೆಂಬರಿನಲ್ಲಿ ಹೈಕೋರ್ಟು ತಡೆ ಕೊಟ್ಟಿತು. ನವೆಂಬರ್ ಎಂದರೆ ಕಂಬಳದ ಹಂಗಾಮು ಶುರುವಾಗುವ ಹೊತ್ತು. ಕೋಣ ಓಡುವ ಕರೆಗೆ ನೀರು ಬಿಡುವ ಕಾಲ. ಹಗ್ಗ ಹಿರಿಯ ವಿಭಾಗಕ್ಕೋ ನೇಗಿಲು ಕಿರಿಯ ವಿಭಾಗಕ್ಕೋ ಎಂದು ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಈಜಿಸಿ ಸಾಕಿದ ಕೋಣಗಳು ಹಟ್ಟಿಯಲ್ಲೇ ಉಳಿದವು. ಮರುವರ್ಷದ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲತೀರದಲ್ಲಿ ಜಲ್ಲಿಕಟ್ಟಿಗಾಗಿ ಜನಸಾಗರ ಸೇರಿದ ಮೇಲೆ ನಮ್ಮಲ್ಲೂ ದನಿ ಏರಿತು. 2017ರ ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿ ಮಸೂದೆಯನ್ನು ಒಪ್ಪಿತು.

ಪ್ರಾಣಿಹಿಂಸೆ ತಡೆ ಕಾಯ್ದೆ 1960ರ ಕೇಂದ್ರ ಕಾಯ್ದೆ. ವಿಷಯ ಸಮವರ್ತಿ ಪಟ್ಟಿಯದು. ಅದಕ್ಕೆ ರಾಜ್ಯ ತಿದ್ದುಪಡಿ ತಂದು, ಕೇಂದ್ರ ಕಾಯ್ದೆಯ ಎದುರು ಅದು ನಿಲ್ಲಬೇಕಾದರೆ 254ನೇ ವಿಧಿಯಂತೆ ರಾಷ್ಟ್ರಪತಿಯ ಒಪ್ಪಿಗೆ ಬೇಕು. ಆದ್ದರಿಂದ ಅಂದಿನ ರಾಜ್ಯಪಾಲ ವಜುಭಾಯಿ ವಾಲಾ ಅದನ್ನು ದೆಹಲಿಗೆ ಕಳುಹಿಸಿದ್ದು ಸರಿಯಾಗಿಯೇ ಇತ್ತು. ಕೇಂದ್ರದಿಂದ ಆಕ್ಷೇಪಗಳು ಬಂದವು. ಜುಲೈನಲ್ಲಿ ಸುಗ್ರೀವಾಜ್ಞೆಯ ದಾರಿ ಹಿಡಿಯಬೇಕಾಯಿತು. ಮತ್ತೊಂದು ಮಸೂದೆ ನವೆಂಬರಿನಲ್ಲಿ ಬಂತು. ರಾಷ್ಟ್ರಪತಿಯ ಅಂಕಿತ ಸಿಕ್ಕಿದ್ದು 2018ರ ಫೆಬ್ರವರಿಯಲ್ಲಿ. ಮೊದಲ ಮಸೂದೆಯಿಂದ ಎಣಿಸಿದರೆ ಒಂದು ವರ್ಷ. ಅಂತಿಮವಾಗಿ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಂಬಳ ಬೇಕೋ ಬೇಡವೋ ಎಂಬುದರ ಬಗ್ಗೆ ಓದುಗರಲ್ಲಿ ಎರಡು ಅಭಿಪ್ರಾಯ ಇರಬಹುದು. ಹೌದೋ ಅಲ್ಲವೋ ಎಂಬ ಉತ್ತರ ಹೊತ್ತಿಗೆ ಸರಿಯಾಗಿ ಸಿಗಬೇಕು ಎಂಬುದರಲ್ಲಿ ಇರಲಾರದು.

ದೆಹಲಿಯ ಕಡತಕ್ಕೂ ಗಡುವಿಲ್ಲ. 201ನೇ ವಿಧಿಯಲ್ಲಿ ಗಡುವು ಇರುವುದು ಒಂದೇ ಕಡೆ. ರಾಷ್ಟ್ರಪತಿ ಮರಳಿಸಿದ ಮಸೂದೆಯನ್ನು ರಾಜ್ಯದ ಶಾಸಕರು ಆರು ತಿಂಗಳೊಳಗೆ ಮರುಪರಿಶೀಲಿಸಬೇಕು. ಆರಿಸಿ ಬಂದವರಿಗೆ ಮಾತ್ರ ಗಡುವು! ಗುತ್ತಿಗೆ ಕಾಮಗಾರಿಗಳಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 2ಬಿಗೆ ಶೇ 4 ಮೀಸಲು ಕೊಡುವ ಕರ್ನಾಟಕದ ಮಸೂದೆಯನ್ನು 2025ರ ಏಪ್ರಿಲ್‌ನಲ್ಲಿ ರಾಜ್ಯಪಾಲರು ರಾಷ್ಟ್ರಪತಿಗೆ ಕಾಯ್ದಿರಿಸಿದಾಗಲೂ ಹಿಡಿದದ್ದು ಈ ಗಡುವಿಲ್ಲದ ದಾರಿಯನ್ನೇ.

ಅಂಕಿತದ ಬೆಲೆ ಏನೆಂದು ಕರ್ನಾಟಕದ ಗೇಣಿದಾರರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿಗೂ ರಾಷ್ಟ್ರಪತಿಯ ಒಪ್ಪಿಗೆ ಬೇಕಿತ್ತು. ಅಂತಹ ಕಾನೂನಿಗೆ 31ಎ ವಿಧಿಯ ರಕ್ಷಣೆ ಸಿಗಬೇಕಾದರೆ ಅದು ಕಡ್ಡಾಯ. ಒಪ್ಪಿಗೆ ಸಿಕ್ಕಿ 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಆ ದಿನಾಂಕ ಇವತ್ತಿಗೂ ಭೂನ್ಯಾಯ ಮಂಡಳಿಯ ಆದೇಶಗಳಲ್ಲಿ, ಹಳೆಯ ಪಹಣಿಗಳ ಜೊತೆ ಮಡಚಿಟ್ಟ ಕಾಗದಗಳಲ್ಲಿ, ಕೋರ್ಟು ಮೆಟ್ಟಿಲು ಹತ್ತುವ ವ್ಯಾಜ್ಯಗಳಲ್ಲಿ 1-3-1974 ಎಂದು ಕಾಣಸಿಗುತ್ತದೆ. ಅಂದು ಗೇಣಿಯ ಜಮೀನನ್ನು ಉಳುತ್ತಿದ್ದವನು 7ನೇ ನಮೂನೆ ತುಂಬಿ ಅರ್ಜಿ ಕೊಟ್ಟ. ದಕ್ಷಿಣ ಕನ್ನಡದವರ ಬಾಯಲ್ಲಿ ಅದು ‘ಡಿಕ್ಲರೇಶನ್’. ಡಿಕ್ಲರೇಶನ್ ಕೊಟ್ಟ ಅಜ್ಜನ ಮೊಮ್ಮಕ್ಕಳು ಇಂದು ಆ ತೋಟದ ಅಡಿಕೆಯಲ್ಲೇ ಓದಿ ಮುಂದೆ ಬಂದಿದ್ದಾರೆ. ಆ ಒಪ್ಪಿಗೆ ದೆಹಲಿಯ ಕಪಾಟಿನಲ್ಲಿ ನಾಲ್ಕೈದು ವರ್ಷ ಮಲಗಿದ್ದಿದ್ದರೆ ಅಷ್ಟರೊಳಗೆ ಎಷ್ಟು ಒಕ್ಕಲುಗಳನ್ನು ಎಬ್ಬಿಸಬಹುದಿತ್ತು ಎಂದು ಯೋಚಿಸಿ ನೋಡಿ.

ಕೋರ್ಟು ಹೇಳಿದ್ದು

ಪಕ್ಕದ ತಮಿಳುನಾಡಿನಲ್ಲಿ ಜಗಳ ಕೋರ್ಟಿನವರೆಗೂ ಹೋಯಿತು. 2020ರ ಜನವರಿಯಿಂದ 2023ರವರೆಗೆ ಅಲ್ಲಿನ ವಿಧಾನಸಭೆ ಒಪ್ಪಿದ ಹಲವು ಮಸೂದೆಗಳು ರಾಜಭವನದಲ್ಲೇ ಉಳಿದವು. ಬಹುತೇಕ ವಿಶ್ವವಿದ್ಯಾಲಯಗಳ ಕುಲಪತಿ ನೇಮಕಕ್ಕೆ ಸಂಬಂಧಪಟ್ಟವು. ಅವುಗಳಲ್ಲಿ ಎರಡು ಹಿಂದಿನ ಎಐಎಡಿಎಂಕೆ ಸರ್ಕಾರದ ಕಾಲದವು ಎಂಬುದನ್ನು ಮರೆಯಬಾರದು. ಇದನ್ನು ಒಂದು ಪಕ್ಷದ ಗೋಳು ಎಂದು ಬದಿಗೆ ಸರಿಸಲು ಬರುವುದಿಲ್ಲ. 2023ರ ಅಕ್ಟೋಬರ್ ಕೊನೆಗೆ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ನವೆಂಬರ್ 13ರಂದು ರಾಜ್ಯಪಾಲ ಆರ್.ಎನ್. ರವಿ ಹತ್ತು ಮಸೂದೆಗಳಿಗೆ ಅಂಕಿತ ತಡೆಹಿಡಿದರು. 18ರಂದು ವಿಶೇಷ ಅಧಿವೇಶನ ಕರೆದು ಸದನ ಹತ್ತನ್ನೂ ಮತ್ತೆ ಒಪ್ಪಿತು. 28ರಂದು ರಾಜ್ಯಪಾಲರು ಹತ್ತನ್ನೂ ರಾಷ್ಟ್ರಪತಿಗೆ ಕಾಯ್ದಿರಿಸಿದರು.

2025ರ ಏಪ್ರಿಲ್ 8ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಆ ಹತ್ತು ಮಸೂದೆಗಳಿಗೂ ಅಂಕಿತ ಸಿಕ್ಕಿದೆ ಎಂದೇ ಭಾವಿಸಬೇಕು ಎಂದು ತೀರ್ಪು ಕೊಟ್ಟಿತು. ರಾಜ್ಯಪಾಲರಿಗೂ ರಾಷ್ಟ್ರಪತಿಗೂ ತಿಂಗಳ ಲೆಕ್ಕದಲ್ಲಿ ಗಡುವು ಹಾಕಿತು. ರಾಜ್ಯಪಾಲರ ಸಹಿಯೂ ಇಲ್ಲದೆ, ರಾಷ್ಟ್ರಪತಿಯ ಸಹಿಯೂ ಇಲ್ಲದೆ ಹತ್ತು ಕಾಯ್ದೆಗಳು ತಮಿಳುನಾಡಿನ ರಾಜ್ಯಪತ್ರದಲ್ಲಿ ಪ್ರಕಟವಾದವು. ದೇಶದಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ.

ಈ ತೀರ್ಪು ಎತ್ತಿದ ವಿಷಯಗಳ ಬಗ್ಗೆ ಮೇ 13ರಂದು ರಾಷ್ಟ್ರಪತಿ 14 ಪ್ರಶ್ನೆಗಳನ್ನು ಸುಪ್ರೀಂ ಕೋರ್ಟಿಗೆ ಕಳುಹಿಸಿದರು. ಆ ವಿಚಾರಣೆಯಲ್ಲಿ ಕರ್ನಾಟಕವೂ ವಾದ ಮಂಡಿಸಿತು. ರಾಜ್ಯಪಾಲರು ಸಾಂವಿಧಾನಿಕ ಮುಖ್ಯಸ್ಥರಷ್ಟೇ, ಮಂತ್ರಿಮಂಡಲದ ಸಲಹೆಗೆ ಬದ್ಧರು ಎಂಬುದು ನಮ್ಮ ರಾಜ್ಯದ ನಿಲುವು. ನವೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಐವರ ಪೀಠ ಅಭಿಪ್ರಾಯ ಕೊಟ್ಟಿತು. ಕೋರ್ಟು ಗಡುವು ಹಾಕುವಂತಿಲ್ಲ, ಅಂಕಿತ ಸಿಕ್ಕಿದೆ ಎಂದು ತಾನೇ ಭಾವಿಸುವಂತಿಲ್ಲ. ಅಂಕಿತ, ರಾಷ್ಟ್ರಪತಿಗೆ ಕಾಯ್ದಿರಿಸುವುದು, ಅಥವಾ ಟಿಪ್ಪಣಿಯೊಂದಿಗೆ ಸದನಕ್ಕೆ ಮರಳಿಸುವುದು ಈ ಮೂರರಲ್ಲಿ ಒಂದನ್ನು ಆರಿಸುವ ವಿವೇಚನೆ ರಾಜ್ಯಪಾಲರಿಗಿದೆ. ಆದರೆ ಮರಳಿಸದೆ ಸುಮ್ಮನೆ ತಡೆಹಿಡಿಯುವಂತಿಲ್ಲ. ದೀರ್ಘಕಾಲ ಕಾರಣವಿಲ್ಲದೆ ಏನೂ ಮಾಡದೆ ಕೂತರೆ, ಬೇಗ ತೀರ್ಮಾನಿಸಿ ಎಂದಷ್ಟೇ ಕೋರ್ಟು ಹೇಳಬಹುದು.

ಸಹಿಯಿಲ್ಲದೆ ಕಾನೂನು ಹುಟ್ಟಬಾರದು ಎಂಬ ಮಾತನ್ನು ಒಪ್ಪುತ್ತೇನೆ. ಕೋರ್ಟು ಎಲ್ಲರ ಕೆಲಸವನ್ನೂ ತಾನೇ ಮಾಡಲು ಹೊರಟರೆ ಅದೂ ಆರೋಗ್ಯದ ಲಕ್ಷಣವಲ್ಲ. ಆದರೆ ದೀರ್ಘಕಾಲ ಎಂದರೆ ಎಷ್ಟು? ಇದನ್ನು ಸಾಬೀತುಪಡಿಸಲು ಪ್ರತಿ ಸಲ ರಾಜ್ಯ ಸರ್ಕಾರ ದೆಹಲಿಯಲ್ಲಿ ವಕೀಲರನ್ನು ಹಿಡಿಯಬೇಕೆ? ಬೆಂಗಳೂರಿನವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ನಾಲ್ಕು ತಿಂಗಳು ಎಂದಿತ್ತು. 2010ರಲ್ಲಿ ಪೂಂಛಿ ಆಯೋಗ ಆರು ತಿಂಗಳು ಎಂದಿತು. ಯಾವುದೇ ಪಕ್ಷ ಕೇಂದ್ರದಲ್ಲಿದ್ದರೂ ಅದನ್ನು ಸಂವಿಧಾನದಲ್ಲಿ ಬರೆಯಲು ಮುಂದಾಗಲಿಲ್ಲ. ರಾಜ್ಯದಲ್ಲಿ ವಿರೋಧ ಪಕ್ಷದ ಸರ್ಕಾರ ಇದ್ದಾಗ ಕೇಂದ್ರದವರಿಗೆ ಈ ಖಾಲಿ ಜಾಗ ಬೇಕಾಗುತ್ತದೆ. ಹಳೆಯ ಕತೆ ಇದು. ರಾಜ್ಯಪಾಲರ ಅಧಿಕಾರದ ಮಿತಿ ಬರೆಸಿಕೊಟ್ಟ ಎಸ್.ಆರ್. ಬೊಮ್ಮಾಯಿ ಪ್ರಕರಣ ನಮ್ಮ ನೆಲದ್ದೇ ಅಲ್ಲವೆ?

ಸಹಿಯ ಆಚೆ

ಹೀಗೆಂದು ತಪ್ಪನ್ನೆಲ್ಲ ರಾಜಭವನದ ಮೇಲೆ ಹೊರಿಸಿ ಶಾಸಕರು ಕೈ ತೊಳೆದುಕೊಳ್ಳಲಾಗದು. ಸದನದಲ್ಲಿ ಗದ್ದಲದ ನಡುವೆ ಧ್ವನಿಮತದಲ್ಲಿ ಮಸೂದೆಗಳು ಪಾಸಾಗುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಓದದೆ ಒಪ್ಪಿದ್ದನ್ನು ಯಾರಾದರೂ ಓದಲೇಬೇಕು. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಸುಗ್ರೀವಾಜ್ಞೆಯನ್ನು 2024ರ ಜನವರಿ ಕೊನೆಗೆ ರಾಜ್ಯಪಾಲರು ಮರಳಿಸಿದಾಗ ಕನ್ನಡಿಗರಲ್ಲಿ ಅನೇಕರಿಗೆ ಸಿಟ್ಟು ಬಂದಿತ್ತು. ಆದರೆ ಅಧಿವೇಶನ ಕೆಲವೇ ದಿನಗಳ ದೂರದಲ್ಲಿರುವಾಗ ಸುಗ್ರೀವಾಜ್ಞೆ ಏಕೆ ಎಂಬ ಪ್ರಶ್ನೆ ನ್ಯಾಯವಾಗಿತ್ತು. ಫೆಬ್ರವರಿಯಲ್ಲಿ ಸದನಗಳು ಮಸೂದೆ ಒಪ್ಪಿದವು, ಆಮೇಲೆ ಅಂಕಿತವೂ ಸಿಕ್ಕಿತು. ಸದನದ ಒಪ್ಪಿಗೆ ಪಡೆದ ಕನ್ನಡಕ್ಕೆ ಸುಗ್ರೀವಾಜ್ಞೆಯ ಕನ್ನಡಕ್ಕಿಂತ ಗಟ್ಟಿ ನೆಲೆಯಿದೆ.

ಅಂಕಿತ ಸಿಕ್ಕ ಮೇಲೂ ಕಾನೂನನ್ನು ಮಲಗಿಸಬಹುದು. ಅದಕ್ಕೆ ರಾಜ್ಯಪಾಲರು ಬೇಕಿಲ್ಲ, ಸರ್ಕಾರವೇ ಸಾಕು. ಅನೇಕ ಕಾಯ್ದೆಗಳ ಒಂದನೇ ಪ್ರಕರಣದಲ್ಲಿ, ಸರ್ಕಾರ ಅಧಿಸೂಚನೆ ಹೊರಡಿಸುವ ದಿನದಿಂದ ಇದು ಜಾರಿಗೆ ಬರತಕ್ಕದ್ದು ಎಂಬ ಅರ್ಥದ ಸಾಲು ಇರುತ್ತದೆ. ಮಡೆಸ್ನಾನದಂಥ ಆಚರಣೆಗಳನ್ನು, ವಾಮಾಚಾರವನ್ನು ತಡೆಯುವ ಮಸೂದೆಯನ್ನು ವಿಧಾನಮಂಡಲ 2017ರ ನವೆಂಬರಿನಲ್ಲಿ ಒಪ್ಪಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಎರಡು ವರ್ಷಕ್ಕೂ ಮೀರಿದ ಆ ಅವಧಿಯಲ್ಲಿ ಸರ್ಕಾರ ಮೂರು ಸಲ ಬದಲಾಯಿತು. ಡೆಲಿವರಿ ಹುಡುಗರಿಗೆ, ಕ್ಯಾಬ್ ಚಾಲಕರಿಗೆ ಸಾಮಾಜಿಕ ಭದ್ರತೆ ಕೊಡುವ ಗಿಗ್ ಕಾರ್ಮಿಕರ ಕಾನೂನು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಗಸ್ಟಿನಲ್ಲಿ ಸದನದ ಒಪ್ಪಿಗೆ ಪಡೆದು, ಸೆಪ್ಟೆಂಬರಿನಲ್ಲಿ ಕಾಯ್ದೆಯಾಯಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಮೊತ್ತದ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು. ಸಹಿ ಬೇಗ ಬಿದ್ದದ್ದು ಸಂತೋಷ. ಆದರೆ ಮಳೆಯಲ್ಲಿ ಬಿದ್ದು ಕಾಲು ಮುರಿದುಕೊಂಡ ಹುಡುಗನಿಗೆ ಸಹಿಯಿಂದ ಏನೂ ಸಿಗುವುದಿಲ್ಲ. ಮಂಡಳಿ ಕೂರಬೇಕು, ನಿಧಿಗೆ ಹಣ ಬರಬೇಕು, ಅರ್ಜಿ ತೆಗೆದುಕೊಳ್ಳುವ ಕಚೇರಿಯ ಬಾಗಿಲು ತೆರೆದಿರಬೇಕು.

ಕರ್ನಾಟಕದ ಯಾವುದೇ ಕಾಯ್ದೆಯ ಅಧಿಕೃತ ಪ್ರತಿಯನ್ನು ತೆರೆದು ನೋಡಿ. ಹೆಸರಿನ ಆಸುಪಾಸಿನಲ್ಲಿ ಆವರಣದೊಳಗೆ ಎರಡು ಸಣ್ಣ ಸಾಲುಗಳಿರುತ್ತವೆ. ರಾಜ್ಯಪತ್ರದಲ್ಲಿ ಮೊದಲು ಪ್ರಕಟವಾದ ದಿನ ಒಂದು, ರಾಜ್ಯಪಾಲರ ಅಥವಾ ರಾಷ್ಟ್ರಪತಿಯ ಅನುಮತಿ ದೊರೆತ ದಿನ ಇನ್ನೊಂದು. ಸದನ ಒಪ್ಪಿದ ದಿನ ಯಾವುದು, ಮಸೂದೆ ರಾಜಭವನ ತಲುಪಿದ ದಿನ ಯಾವುದು ಎಂಬುದು ಅಲ್ಲಿ ಇರುವುದಿಲ್ಲ. ಎಷ್ಟು ದಿನ ಕಾಯಿತು ಎಂಬ ಲೆಕ್ಕ ಕಾಯ್ದೆಯ ಮುಖದ ಮೇಲೆ ಎಲ್ಲೂ ಕಾಣುವುದಿಲ್ಲ. ಮಲಗಿಸಿದವರ ಹೆಸರು ಉಳಿಯದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆ ಎರಡು ಸಾಲಿನ ಜೊತೆ ಇನ್ನೆರಡು ಸಾಲು ಸೇರಿಸಬಹುದು. ಸದನ ಒಪ್ಪಿದ ಪ್ರತಿಯೊಂದು ಮಸೂದೆ ಯಾವಾಗ ರಾಜಭವನ ತಲುಪಿತು, ಯಾವಾಗ ಏನು ಟಿಪ್ಪಣಿಯೊಂದಿಗೆ ಮರಳಿತು, ಯಾವಾಗ ದೆಹಲಿಗೆ ಹೋಯಿತು, ಅಂಕಿತ ಸಿಕ್ಕ ಮೇಲೆ ನಿಯಮಗಳು ಬಂದವೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ, ಒಂದೇ ಪಟ್ಟಿಯಲ್ಲಿ, ತಿಂಗಳಿಗೊಮ್ಮೆ ಸರ್ಕಾರ ಪ್ರಕಟಿಸಬಹುದು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ, ಸುಪ್ರೀಂ ಕೋರ್ಟಿನ ಅನುಮತಿ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಇದನ್ನು ಕೇಳುವ ಹಕ್ಕು ಪ್ರತಿಯೊಬ್ಬ ಶಾಸಕರಿಗೂ ಇದೆ. ಮುಂದಿನ ಅಧಿವೇಶನ ಶುರುವಾಗುವ ಮೊದಲು ನಿಮ್ಮ ಕ್ಷೇತ್ರದ ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿ, ನೀರಿನ ಅರ್ಜಿಗಳ ಜೊತೆ ಈ ಪ್ರಶ್ನೆಯನ್ನೂ ಅವರ ಕೈಗೆ ಕೊಡಿ.